ಮೆನು ಕಾರ್ಡಿನ ಭಾಷಾಂತರ

ಹೊಸ ಬಸ್‌ಸ್ಟ್ಯಾಂಡಿನ ಎದುರು, ಚಿನ್ನದಂಗಡಿಯ ಮೇಲೆ
ಮೂರನೇ ಮಾಳಿಗೆ. ಬೋರ್ಡಿನಲ್ಲಿ ಮೂರು ಲಿಪಿ,
ನನ್ನದು ಇಲ್ಲ.
ಅದಕ್ಕೇ ಕರೆಸಿದ್ದು.

"ಟೀಚರೇ," ಎಂದ ಅಂದುಂಞಿ.
ಇಪ್ಪತ್ತೊಂಬತ್ತು ವರ್ಷ ಕೋರ್ಟಿನಲ್ಲಿ ಭಾಷಾಂತರ ಮಾಡಿದವಳು ನಾನು,
ಆದರೆ ಕಾಸರಗೋಡಿನಲ್ಲಿ ಕನ್ನಡಕ ಹಾಕಿದ ಹೆಂಗಸರೆಲ್ಲ ಟೀಚರೇ.
"ಬದಿಯಡ್ಕದವರು ಬರ್ತಾರೆ, ಪೆರ್ಲದವರು,
ಪುತ್ತೂರಿನಿಂದಲೂ ಕಾರು ಮಾಡಿಕೊಂಡು.
ಕಾರ್ಡು ನೋಡಿ ಹೆದರಿ ಫ್ರೈಡ್ ರೈಸ್ ಕೇಳ್ತಾರೆ.
ಕನ್ನಡದಲ್ಲಿ ಬರೆದುಕೊಡಿ. ಸಂಬಳ ಇಲ್ಲ,
ಊಟ ಉಂಟು. ಜೊತೆಗೊಬ್ಬರನ್ನು ಕರಕೊಂಡು ಬನ್ನಿ."

ಕರಕೊಂಡು ಬಂದೆ ಬೇಳದ ಲಿಲ್ಲಿ ಕ್ರಾಸ್ತಾಳನ್ನು.
ಅಷ್ಟೂ ವರ್ಷ ನನ್ನೆದುರು ಕೂತು ಟೈಪು ಮಾಡಿದವಳು,
ಕೊಲೆಗೂ ಬೇಲಿಜಗಳಕ್ಕೂ ಒಂದೇ ವೇಗದಲ್ಲಿ.
ತಲೆಗೆ ಕಟ್ಟಿದ್ದಳು ಹೂವಿನ ಸ್ಕಾರ್ಫು.
ಈಗ ಸೊಗಸಾಗಿ ಬರುತ್ತಿದೆ ಕಣೇ, ಎಂದಳು,
ಹುಡುಗನ ಹಾಗೆ, ಗುಂಗುರು.

ಗಾಜಿನಾಚೆ ಹೆದ್ದಾರಿಯ ಕಾಂಕ್ರೀಟು ಕಾಲುಗಳು.
ಬಡಿಸುವ ಹುಡುಗ ಅಸ್ಸಾಮಿನವನು,
ಮೂರೇ ತಿಂಗಳಲ್ಲಿ ಕಲಿತ ಮಲಯಾಳ ಅವನದು.

ಮೊದಲ ತಟ್ಟೆ.
ನಡುವೆ ಚಮಚೆಯಲ್ಲಿ ತೋಡಿದ ಮದಕ, ಅದರ ತುಂಬ ಎಣ್ಣೆ.
ನಾಲಿಗೆಗಿಟ್ಟು ದಾಖಲಿಸಿಕೊಂಡೆ:
ಬೆಂದ ಕಡಲೆ. ಬೆಳ್ಳುಳ್ಳಿ. ಲಿಂಬೆ. ಆಮೇಲೆ ತಡವಾಗಿ,
ಸಮನ್ಸು ಸಿಕ್ಕಿದರೂ ಬಾಗಿಲ ಹಿಂದೆ ನಿಂತ ಸಾಕ್ಷಿಯ ಹಾಗೆ,
ಎಳ್ಳು.
ನಮ್ಮಲ್ಲಿ ಎಳ್ಳೆಂದರೆ ಶನಿವಾರದ ದೀಪ,
ಇಲ್ಲವಾದರೆ ಸತ್ತವರು.
ಇಲ್ಲಿ ಲಿಲ್ಲಿಯ ಮೇಲ್ದುಟಿಗೆ ಅಂಟಿಕೊಂಡು ಕೂತಿದೆ.
ಬರೆದೆ: ಕಡಲೆ ಎಳ್ಳಿನ ಚಟ್ನಿ.

ಎರಡನೆಯದು ಹೊಗೆ, ಹೊಗೆಯೊಳಗೆ ಬದನೆ.
ಇದು ಗೊತ್ತು ನನಗೆ. ಕೆಂಡದ ಮೇಲಿಂದ ಎತ್ತಿ
ಸಿಪ್ಪೆ ಸುಲಿಯುತ್ತ ಬೆರಳು ಊದಿಕೊಳ್ಳುತ್ತಿದ್ದ ನನ್ನಮ್ಮನಿಗೂ ಗೊತ್ತು.
ಬರೆದೆ: ಸುಟ್ಟ ಬದನೆ ಗೊಜ್ಜು.
ಸಣ್ಣಗೆ ಹೆಚ್ಚಿದ ಹಸಿ ಸೊಪ್ಪು, ಗೋಧಿ ನುಚ್ಚು, ಹುಳಿ.
ಬರೆದೆ: ಕೋಸಂಬರಿ.
ಖುಬ್ಬೂಸನ್ನು ಮುಟ್ಟಲಿಲ್ಲ.
ಅದು ಈ ಊರಿಗೆ ಬಂದು ಎಷ್ಟೋ ಕಾಲ,
ರೇಷನ್ ಕಾರ್ಡೊಂದು ಬಾಕಿ.

ಅಂದುಂಞಿ ಮೊಗ್ರಾಲಿನ ಶಾಲೆಯಲ್ಲಿ ಏಳನೆಯವರೆಗೆ ಕನ್ನಡ ಕಲಿತವನು.
ಅಕ್ಷರಕ್ಕೆ ಅಕ್ಷರ ಜೋಡಿಸಿ ಓದಿದ. ತಲೆ ಕೆರೆದ.
"ಅಲ್ಲ ಟೀಚರೇ, ಚಟ್ನಿಗೆ ಇನ್ನೂರ ಇಪ್ಪತ್ತು ಯಾರು ಕೊಡ್ತಾರೆ?
ಕೋಸಂಬರಿ ನಿಮಗೆ ದೇವಸ್ಥಾನದಲ್ಲಿ ಪುಕ್ಕಟೆ ಸಿಗ್ತದೆ.
ಸ್ವಲ್ಪ ಅರ್ಥ ಆಗದ ಹಾಗೆ ಬರೀರಿ."

ಲಿಲ್ಲಿ ನಕ್ಕು ನಕ್ಕು ಕೆಮ್ಮಿ ನೀರು ಕುಡಿದಳು.
ವಕೀಲರಿಗೂ ಇದೇ ಸಿಟ್ಟಿತ್ತು ನನ್ನ ಮೇಲೆ.

ಹೊಡೆದು ಹಾಕಿದೆ. ಹಮ್ಮುಸ್. ಮುತಬ್ಬಲ್. ತಬ್ಬೂಲೆ.
ಬಸ್ಸಿನ ಹಣೆಯ ಮೇಲೆ ನಮ್ಮೂರುಗಳನ್ನು ಬರೆಯುವುದೂ ಹೀಗೆಯೇ:
ಅಕ್ಷರ ಅವರದು, ಊರು ನಮ್ಮದು,
ಉಚ್ಚಾರ ಯಾರದ್ದೂ ಅಲ್ಲ.

ಆಗ ಒಳಗಿಂದ ಬಂದ ಅಡುಗೆಯ ತನಿಯಪ್ಪ, ಕುಂಬಳೆ ಕಡೆಯವನು,
ಶಾರ್ಜಾದಲ್ಲಿ ಹದಿನೆಂಟು ವರ್ಷ ಒಬ್ಬ ಲೆಬನಾನಿನವನ ಕೈಕೆಳಗೆ.
ಪುದೀನ ಚಹಾ ಇಟ್ಟು, ತುಳುವಿನಷ್ಟೇ ಸಲೀಸಾಗಿ
"ಸಹ್ತೈನ್" ಎಂದ.

ಹಾಗೆಂದರೆ?
"ಎರಡು ಆರೋಗ್ಯ ಅಂತ. ಉಣ್ಣುವವರಿಗೆ ಹೇಳುವುದು.
ಯಜಮಾನರು ಕೂಲಿಯವರಿಗೂ ಹೇಳ್ತಿದ್ದರು.
ತಮ್ಮ ಊರಿಗೆ ಹೋಗಲಿಕ್ಕೆ ಆಗದೆಯೇ ತೀರಿಕೊಂಡರು.
ಕಾರ್ಡಿನ ಕೊನೆಗೆ ಅದೊಂದು ಹಾಕಿ, ಅಕ್ಕ."

ಎರಡು ಆರೋಗ್ಯ: ಕ್ಲಿನಿಕ್ಕಿನ ಬೋರ್ಡಿನಂತಾಯಿತು.
ಸಾವಕಾಶವಾಗಿ ಊಟ ಮಾಡಿ: ಅದು ಮದುವೆಮನೆಯ ಮೈಕು.
ಉಂಡದ್ದು ಮೈಗೆ ಹತ್ತಲಿ,
ಎಂದು ಬರೆಯಹೊರಟು ತಲೆಯೆತ್ತಿದರೆ
ಎದುರು ಲಿಲ್ಲಿಯ ಮಣಿಕಟ್ಟು.
ಗಡಿಯಾರ ಮೊಣಕೈಯವರೆಗೆ ಜಾರುತ್ತದೆ ಈಗ.

ಪೆನ್ನು ಅಲ್ಲೇ ನಿಂತಿತು.
ನಾಳೆ ಅಚ್ಚಿಗೆ ಹೋಗಬೇಕು.
ಅಂದುಂಞಿ ಗಲ್ಲಾದಿಂದ ಎರಡು ಸಲ ನೋಡಿದ.
ಲಿಲ್ಲಿ ನಾಲ್ಕನೆಯ ಖುಬ್ಬೂಸನ್ನು ಹರಿದು
ತಟ್ಟೆ ಬಳಿಯುತ್ತಿದ್ದಾಳೆ, ಅಂಚಿನಿಂದ ಅಂಚಿಗೆ,
ಒಂದೇ ವೇಗದಲ್ಲಿ.