ಏಳನೇ ಗುಳಿಯ ಅಂಚು

ಮೊದಲೆಲ್ಲ ಇಲ್ಲಿ ಹುಲ್ಲು ಕಣಕಾಲು ಮುಚ್ಚುತ್ತಿತ್ತು.
ದಾರಿ ತಪ್ಪಿದ ಚೆಂಡನ್ನು ಅಲ್ಲೇ ಹಿಡಿದು
ಅಳುವ ಕೂಸನ್ನು ಸೊಂಟಕ್ಕೇರಿಸಿದ ಹಾಗೆ
ಕೂರಿಸಿಕೊಳ್ಳುತ್ತಿತ್ತು.
ಸಾಹೇಬರುಗಳು ಬಂದು ಚೀಲದಿಂದ ಅದೇ ಒಂದು ಕೋಲೆಳೆದು
ಗುದ್ದಲಿ ಹಾಕಿದಂತೆ ಹಾಕುವರು.
ಚೆಂಡು ಹೇಗೋ ಹೊರಬೀಳುವುದು.
ತಪ್ಪಿದವರಿಗೆಲ್ಲ ಒಂದೇ ಶಿಕ್ಷೆ, ಒಂದೇ ಬಿಡುಗಡೆ.

ಹೊಸ ಕಮಾಂಡರ್ ಬಂದರು, ಕೊಚ್ಚಿಯಿಂದ.
"ಪುರ್ಸು, ಗ್ರೀನಿನ ಸುತ್ತ ಹದಿನೈದು ಹೆಜ್ಜೆ ಬೋಳಿಸು."

ಬೋಳಿಸಿದೆ. ಎಂಟು ಮಿಲಿಮೀಟರ್.
ಮೆಷಿನ್ನಿನ ಹಲ್ಲು ಸವರುತ್ತ ಹೋದಂತೆ
ಅಡಿಯಲ್ಲಿ ಮಲಗಿದ್ದ ನೆಲ ಎದ್ದು ಕೂತಿತು:
ಎಡಕ್ಕೊಂದು ಜಾರು,
ಹಿಂದೆ ಬೋಗುಣಿಯಂಥ ತಗ್ಗು.
ಆ ತಗ್ಗು ನನಗೆ ಗೊತ್ತು.
ಮೇಲುಗಡೆ ಅಜ್ಜಿ ಶೆಟ್ಲಿ ಹರವುತ್ತಿದ್ದಳು;
ಮಳೆ ಹನಿದರೆ ನೀರೆಲ್ಲ ಅಲ್ಲಿಗೇ ಓಡುವುದು,
ಹಿಂದಿನಿಂದ ನಾವು ಹುಡುಗರು.
ನೌಕಾನೆಲೆಯ ನಕ್ಷೆಯಲ್ಲಿ ಅದಿಲ್ಲ. ನಾನೂ ಹೇಳಲಿಲ್ಲ.

ಭಾನುವಾರ ಸಾಹೇಬರದೇ ಮೊದಲ ಚೆಂಡು.
ಗ್ರೀನಿನಂಚು ಮುಟ್ಟಿತು, ಯೋಚಿಸಿತು,
ಆಮೇಲೆ ಯಾರನ್ನೂ ಕೇಳದೆ ಉರುಳಿ
ತಗ್ಗಿನಲ್ಲಿ ತಣ್ಣಗೆ ಕೂತಿತು.

ಚೀಲದ ಮುಂದೆ ನಿಂತರು. ಒಂದು ಕೋಲು ತೆಗೆದರು, ಇಟ್ಟರು.
ಎತ್ತಿ ಹಾರಿಸಲೋ? ನೆಲ ಗಟ್ಟಿ, ಅಲಗು ಜಾರಿದರೆ
ಆಚೆಯ ಬಂಕರಿಗೆ, ಕಾಳಿಹೊಳೆಯ ದಪ್ಪ ಮರಳಿಗೆ.
ದಿಬ್ಬಕ್ಕೆ ಕುಟ್ಟಿ ಓಡಿಸಲೋ?
ಇಲ್ಲಾ ಮರ್ಯಾದೆ ಬಿಟ್ಟು ಪಟರ್‌ನಲ್ಲೇ ನೂಕಲೋ?

ಹಾರಿಸಿದರು. ಏರಿತು, ನಿಂತಿತು,
ತಿರುಗಿ ಬೂಟಿನ ಬುಡಕ್ಕೇ ಬಂತು.
ಇನ್ನೊಮ್ಮೆ. ಮತ್ತೆ ಬಂತು,
ಓಡಿಸಿದ ನಾಯಿ ಊಟದ ಹೊತ್ತಿಗೆ ಬಂದ ಹಾಗೆ.

"ಉದ್ದ ಹುಲ್ಲಿಗೇ ಕರುಣೆಯಿತ್ತಲ್ಲೋ" ಅಂದರು, ಬೆವರೊರೆಸುತ್ತ.

ಇದ್ದಿರಬಹುದು.
ಊರು ಎತ್ತಿ ನಮ್ಮನ್ನು ತೋಡೂರಿನ ಕಾಲನಿಗೆ ಹಾಕಿದಾಗ
ಅಪ್ಪನ ಕೈಲಿದ್ದದ್ದೂ ಒಂದೇ ಕೋಲು, ದೋಣಿಯ ಹುಟ್ಟು.
ಅದನ್ನು ಮಾಡಿಗೆ ಸಿಕ್ಕಿಸಿಟ್ಟು
ಹತ್ತು ವರ್ಷ ಅದರ ಕೆಳಗೇ ಕೂತ.
ಬೇರೆ ಕೋಲು ಯಾರೂ ತೋರಿಸಲಿಲ್ಲ, ಅವನು ಕೇಳಲೂ ಇಲ್ಲ.

"ಪಟರ್, ಸಾಹೇಬರೆ. ಬಾವುಟದಿಂದ ಮೂರು ಹೆಜ್ಜೆ ಬಲಕ್ಕೆ.
ಜೋರು, ನಾಚಬೇಡಿ."

ನೀರು ಇಳಿಯುತ್ತಿದ್ದ ದಾರಿಯಲ್ಲೇ ಚೆಂಡು ಹತ್ತಿತು,
ಅಜ್ಜಿಯ ಚಾಪೆಯಂಚಿಗೆ ಬಂದು ಎಡಕ್ಕೆ ವಾಲಿತು,
ಗುಳಿಗೆ ಬೀಳಲಿಲ್ಲ. ಗೇಣುದ್ದ ಆಚೆ.
"ನಿನಗೆ ಹೇಗೆ ಗೊತ್ತು ಈ ನೆಲ?"

ಮೆಷಿನ್ನಿಗೆ ಎಣ್ಣೆ ಹಾಕುವುದಿತ್ತು.
"ದಿನಾ ಕೊಯ್ಯುತ್ತೇನಲ್ಲ" ಅಂದೆ.
ಅದೂ ಸುಳ್ಳಲ್ಲ.