ತೊಂಬತ್ತೈದರ ಪಟ್ಟಿ, ತಿದ್ದಿದ್ದು

ಕುಂಬಳೆಯ ರೈಲ್ವೆ ಸ್ಟೇಷನ್ನಿನ ಎದುರು
ಅಂದುಂಞಿಯ ಕ್ಯಾಸೆಟ್ ಅಂಗಡಿ.
ಅಂಗಡಿ ಎಂದರೆ ಒಂದು ಶಟರು, ಎರಡು ಡೆಕ್ಕು,
ಲೇಬಲ್ ಬರೆಯಲು ನಾನು.
ತಿಂಗಳಿಗೆ ಆರುನೂರು, ಮತ್ತೆ
ಬೇಕಾದ್ದು ಬೇಡದ್ದು ಎಲ್ಲ ಕಿವಿಗೆ.

ಡಿಸೆಂಬರದ ಕೊನೆಗೆ ಐತಪ್ಪ ಮಾಸ್ಟ್ರು ಬಂದು
"ವರ್ಷದ ಒಳ್ಳೆಯ ಕ್ಯಾಸೆಟ್ಟು ಐದು ಬರೆದು ಕೊಡು ಜಲಜಾಕ್ಷಿ,
ವಾಚನಾಲಯದ ಬೋರ್ಡಿಗೆ ಹಾಕುವ" ಎಂದರು.
ಬಿಲ್ ಪುಸ್ತಕದಲ್ಲೇ ಬರೆದು ಹರಿದು ಕೊಟ್ಟೆ.
ಕಾರ್ಬನ್ ಪ್ರತಿ ಮೊನ್ನೆ ಸಿಕ್ಕಿತು,
ರೇಶನ್ ಕಾರ್ಡಿನ ಪ್ಲಾಸ್ಟಿಕ್ಕಿನೊಳಗೆ.
ತಿದ್ದಬೇಕು.

ಐದನೆಯದು ಸರಿ ಇದೆ: ನಾಗಸ್ವರದ್ದು.
ಆ ವರ್ಷ ಬಂದ್ಯೋಡಿನ ತನಕ
ಯಾರ ಮದುವೆಗೂ ವಾಲಗದವರು ಸಿಗದೆ
ಅದನ್ನೇ ಹಾಕಿ ತಾಳಿ ಕಟ್ಟಿದರು.
ನಾಯ್ಕಾಪಿನಲ್ಲೊಮ್ಮೆ ಗಟ್ಟಿಮೇಳಕ್ಕೆ ಸರಿಯಾಗಿ
ಟೇಪು ಸಿಕ್ಕಿಹಾಕಿಕೊಂಡು
ಮದುಮಗ ಕಟ್ಟಲೋ ಬಿಡಲೋ ಎಂದು ನಿಂತನಂತೆ.

ನಾಲ್ಕು: ತಾಳಮದ್ದಳೆ, ಎರಡರ ಸೆಟ್ಟು.
ಅರ್ಥ ನನಗೆ ಅರ್ಧ. ಆದರೆ
ಎರಡನೆಯದರ ಬಿ ಸೈಡಿನಲ್ಲಿ
ಕೌರವ ಎಲ್ಲವನ್ನೂ ಸೋತು ಕೊಳಕ್ಕಿಳಿಯುವ ಹೊತ್ತಿಗೆ
ಯಾರೋ "ಚಾ ಉಂಟಾ?" ಎಂದದ್ದು ರೆಕಾರ್ಡಾಗಿದೆ.
ಅದಕ್ಕಾಗಿ ಮೂರಕ್ಕೆ ಏರಿಸಿದೆ.

ಮೂರರಲ್ಲಿದ್ದದ್ದು ಹಿಂದಿ ಸಿನಿಮಾದ್ದು. ಬಿಡುವ.
ಊರೆಲ್ಲ ಕೇಳಿದ್ದಕ್ಕೆ ನನ್ನ ವೋಟು ಯಾಕೆ?

ಪಟ್ಟಿಯಲ್ಲೇ ಇಲ್ಲದ್ದು: "ಎಂಕ್ ಗೊತ್ತುಜ್ಜಿ ಧಣಿ",
ತುಳು ನಾಟಕ. ಮಾಸ್ಟ್ರು ಓದುವ ಕಾಗದದಲ್ಲಿ
ಧಣಿಯ ಲುಂಗಿ ಜಾರುವ ಕ್ಯಾಸೆಟ್ಟನ್ನು ಹೇಗೆ ಬರೆಯಲಿ?
ನೂರಿಪ್ಪತ್ತು ಕಾಪಿ ತೆಗೆದಿದ್ದೇನೆ,
ನೂರಿಪ್ಪತ್ತು ಸಲವೂ ನಕ್ಕಿದ್ದೇನೆ,
ಅಪ್ಪನ ಬೊಜ್ಜದ ಮರುದಿನ ಕೂಡ,
ಹೆಡ್‌ಫೋನು ಹಾಕಿ, ಗೋಡೆಗೆ ಮುಖ ಮಾಡಿ.
ಅದು ಎರಡನೆಯದು.

ಇನ್ನು ಒಂದು.
ಕಾರ್ಬನ್ ನೀಲಿಯಲ್ಲಿ ದುಂಡಗೆ ಬರೆದಿದ್ದೇನೆ:
"ಇಬ್ಬನಿಯ ಲೆಕ್ಕ", ಭಾವಗೀತೆಗಳು.
ಬರೆಯದೆ ಉಂಟೇ? ವಾಚನಾಲಯ ಕನ್ನಡದ್ದು,
ಪಂಚಾಯತಿನ ಅರ್ಜಿ ಮಲಯಾಳದ್ದು,
ಮಾಸ್ಟ್ರ ಶಾಲೆಗೆ ಆ ವರ್ಷ ಒಂದನೇ ಕ್ಲಾಸಿಗೆ
ಹನ್ನೊಂದೇ ಮಕ್ಕಳು.
ಎಲ್ಲಿಯೂ ಮೊದಲಾಗದ್ದನ್ನು
ಬಿಲ್ ಪುಸ್ತಕದಲ್ಲಾದರೂ ಮೊದಲು ಮಾಡಿದೆ.
ಹಾಡಿದವಳ ಸ್ವರ ಒಳ್ಳೆಯದೇ. ತಬಲವೂ.
ಮೂರನೆಯ ಹಾಡಿಗೆ ಪ್ರತಿ ಸಲ ನಾನು
ಸ್ಟಾಕು ಎಣಿಸಲು ಏಳುತ್ತಿದ್ದೆ, ಅಷ್ಟೆ.
ಅದಕ್ಕೆ ನಾಲ್ಕು. ಆ ಜಾಗ ಹೇಗೂ ಖಾಲಿ ಉಂಟು.

ನಿಜ ಹೇಳುತ್ತೇನೆ ಮಾಸ್ಟ್ರೇ,
ಒಂದನೆಯದು "ಅತ್ತರ್ ಕುಪ್ಪಿ".
ಮಾಪಿಳ್ಳೆ ಪಾಟ್ಟು. ಹಾರ್ಮೋನಿಯಂ ಸ್ವಲ್ಪ ಮೇಲೆಯೇ ಓಡುತ್ತದೆ,
ಹಾಡುವವನಿಗೆ ಶೀತ.
ಗಂಡನಿಗೆ ಕಾಗದ ಬರೆಯಲು ಕೂತವಳು
ಮೊದಲ ಗೆರೆಯನ್ನೇ ಏಳು ಸಲ ಬರೆಯುತ್ತಾಳೆ.
ಏಳನೆಯ ಸಲ ಅವನ ಉಸಿರು ಸಾಲದೆ
ಶಬ್ದ ಅರ್ಧಕ್ಕೆ ನಿಂತು
ಕೈಚಪ್ಪಾಳೆ ಮಾತ್ರ ಮುಂದೆ ಹೋಗುತ್ತದೆ.
ಅಲ್ಲಿ ನನ್ನ ಪೆನ್ನೂ ನಿಲ್ಲುತ್ತಿತ್ತು.
ಎಷ್ಟೋ ಲೇಬಲು ಹಾಳು. ಅಂದುಂಞಿ ಬೈದಿದ್ದಾನೆ.

ಲೇಬಲಿನ ಮಾತು ಬಂತಲ್ಲ.
ಮಲಯಾಳ ನನಗೆ ಕೇಳಲು ಬರುತ್ತದೆ,
ಬಸ್ಸಿನ ಬೋರ್ಡು ಓದಲು ಬರುತ್ತದೆ, ಬರೆಯಲು ಬಾರದು.
ಹತ್ತೂ ಹಾಡಿನ ಹೆಸರು ಕನ್ನಡದಲ್ಲೇ ಬರೆದೆ.
ಆ ಕಾಗದದ ಹಾಡಿಗೆ ಬಂದಾಗ ಕೈ ತಡೆಯಿತು:
ಳ ಬರೆದರೆ ಅದಲ್ಲ, ಯ ಬರೆದರೂ ಅಲ್ಲ.
ಎಂಟನೇ ಕ್ಲಾಸಿನಲ್ಲಿ ನೀವು
ಬೋರ್ಡಿನ ಮೂಲೆಗೆ ಒಂದು ಅಕ್ಷರ ಬರೆದು
"ಹಳಗನ್ನಡದಲ್ಲಿ ಇತ್ತು, ಈಗಿಲ್ಲ" ಎಂದು ಒರೆಸಿದ್ದಿರಿ.
ಅದನ್ನೇ ಬರೆದೆ. "ಪೞಯ ಕತ್ತ್".

"ಎಂತ ಇದು, ಚಿತ್ರವಾ?" ಎಂದು ಗಿರಾಕಿಗಳು ಕೇಳಿದರು.
ಶಾರ್ಜದ ತನಕ ಹೋಗಿದೆ ಅದು,
ಇನ್ನೂರು ಕ್ಯಾಸೆಟ್ಟಿನ ಬೆನ್ನ ಮೇಲೆ,
ಸ್ವಲ್ಪ ಓರೆಯಾಗಿ.