ದರೋಗಾ ಕಳುವಾದ ದೂರು

"ನಮ್ಮ ದರೋಗಾನ ಕದ್ದುಬಿಟ್ರು ಸಾರ್" ಅಂದಳು ಜೈಬುನ್ನಿಸಾ.
ಒಳಕೋಣೆಯಲ್ಲಿ ಟೀ ಹೀರುತ್ತಿದ್ದ ಇನ್ಸ್‌ಪೆಕ್ಟರು
ಲೋಟ ಕೆಳಗಿಟ್ಟು ಒಮ್ಮೆ ತಮ್ಮ ಹೆಗಲು ತಡವಿಕೊಂಡರು.
ಶಿಡ್ಲಘಟ್ಟ ಠಾಣೆಯಲ್ಲಿ ರೈಟರಾಗಿ
ಹನ್ನೊಂದು ವರ್ಷ. ನಗು ಬಂದಾಗ
ಕಾರ್ಬನ್ ಹಾಳೆ ಸರಿಪಡಿಸುವುದು ಕಲಿತಿದ್ದೇನೆ.

ದರೋಗಾ ಅಂದರೆ ಗಿಳಿ.
ಕೊರಳಿಗೆ ಗುಲಾಬಿ ಪಟ್ಟಿ, ಎಡಗಾಲ ಬೆರಳೊಂದು ಮೊಂಡು.
ನೂಲು ಬಿಚ್ಚುವ ಮನೆಯ ಬಾಗಿಲಲ್ಲಿ ತೂಗುತ್ತ
ಗೂಡಿನ ಮೂಟೆ ಹೊತ್ತು ಬಂದವರನ್ನೆಲ್ಲ
"ಎಷ್ಟಕ್ಕೆ ಹೋಯ್ತು? ಎಷ್ಟಕ್ಕೆ?" ಅಂತ
ಗದರಿಸುತ್ತಿತ್ತಂತೆ. ಅದಕ್ಕೇ ಆ ಹೆಸರು.

ಬಿಸಿನೀರಲ್ಲಿ ಬೆಂದು ಬಿಳುಚಿದ ಅವಳ ಬೆರಳು
ನನ್ನ ಮೇಜಿನಂಚು ಹಿಡಿದಿದ್ದವು.
ಹುಳುವಿನ ವಾಸನೆ ಠಾಣೆಯ ಫಿನಾಯಿಲಿಗೆ ಜಗ್ಗದೆ
ಬೆಂಚಿನ ಮೇಲೆ ಬಂದು ಕೂತಿತ್ತು.

ಬರೆಯತೊಡಗಿದೆ.
ಸಮಯ: ಶುಕ್ರವಾರ, ನಡುಮಧ್ಯಾಹ್ನ, ಕರೆಂಟು ಹೋದಾಗ.
ಅನುಮಾನ: ಎದುರು ಓಣಿಯ ಹುಡುಗ. ಕಾಲಲ್ಲಿ ಹೊಸ ಚಪ್ಪಲಿ.
ಮೌಲ್ಯ?

"ಮೌಲ್ಯ ಅಂದ್ರೆ?"
"ಎಷ್ಟು ಬಾಳುತ್ತೆ ಅಂತ."
ಅವಳು ನೋಡಿದ ನೋಟದಲ್ಲಿ ಕದ್ದವನು ನಾನೇ.

ಹೊಸ ಸಂಹಿತೆ ಬಂದಮೇಲೆ ನಂಬರೆಲ್ಲ ಬದಲು.
ಮುನ್ನೂರ ಎಪ್ಪತ್ತೊಂಬತ್ತು ಈಗ ಮುನ್ನೂರ ಮೂರು;
ನಾಲಗೆ ಮಾತ್ರ ಹಳೆಯದನ್ನೇ ಉಲಿಯುತ್ತದೆ,
ಒಂದು ಹಸಿಮೆಣಸಿನಕಾಯಿ ಕೊಟ್ಟರೆ ಸಾಕು.
ತಿಳಿಸಿ ಹೇಳಿದೆ: ನೋಡಮ್ಮಾ, ಐದು ಸಾವಿರದೊಳಗಿನ ಮಾಲು,
ಮೊದಲನೇ ತಪ್ಪು, ಮಾಲು ವಾಪಸ್ಸು ಬಂದರೆ
ಸಮುದಾಯ ಸೇವೆ. ಇಲ್ಲದಿದ್ದರೆ
ಮೂರು ವರ್ಷದವರೆಗೂ ಜೈಲು.
"ಸೇವೆ ಅಂದ್ರೆ?"
"ಆಸ್ಪತ್ರೆ ಅಂಗಳ ಗುಡಿಸೋದು, ಅಂಥದ್ದು."
ಯೋಚಿಸಿದಳು.
"ನಮ್ಮ ಅಂಗಳ ಗುಡಿಸಲಿ ಸಾರ್. ದರೋಗಾ ನೋಡ್ತಾ ಕೂತಿರ್ಲಿ."

ಆಗ ನೆನಪಾಯಿತು, ಬೀರುವಿನ ಮೂರನೇ ಹಲಗೆಯಲ್ಲಿ
ಗೆದ್ದಲು ಮುಟ್ಟದ ಹಸಿರು ರಟ್ಟಿನ ಪುಸ್ತಕ,
ವನ್ಯಜೀವಿಗಳ ಕಾಯ್ದೆ. ಅದರ ಪ್ರಕಾರ
ಗಿಳಿಗೆ ಒಡತಿಯಿಲ್ಲ. ಸಾಕಿದ್ದೇ ಅಪರಾಧ.
ಅಲ್ಲೂ ಮೂರು ವರ್ಷದವರೆಗೆ.
ಕದ್ದವನಿಗೂ ಮೂರು, ಕಾಳು ತಿನ್ನಿಸಿದವಳಿಗೂ ಮೂರು.
ಗೂಡಿನ ಮಾರ್ಕೆಟ್ಟಿನ ತಕ್ಕಡಿಯಾದರೂ
ಒಂದಿಷ್ಟು ವಾಲುತ್ತದೆ, ಯಾರೋ ಒಬ್ಬರ ಕಡೆಗೆ.

"ಎಲ್ಲಿಂದ ಬಂತು ಅದು?" ಅಂದೆ, ಮೆಲ್ಲಗೆ.
"ನಮ್ಮವ್ರು ತಂದಿದ್ದು. ಕೆರೆ ಹಿಂದಿನ ಹುಣಸೆಮರದ ಪೊಟರೆಯಿಂದ.
ಕಣ್ಣು ಬಿಟ್ಟಿರಲಿಲ್ಲ ಸಾರ್, ಅಂಗೈಯಲ್ಲಿ ಬೆಳೆಸಿದೆ.
ತಾಯಿ ಮೂರು ದಿನ ಮನೆ ಮೇಲೆ ಕೂಗಾಡ್ತಿತ್ತು..."
ಅಲ್ಲಿಗೆ ಮಾತು ನಿಂತಿತು.
ಫ್ಯಾನು ಒಂದು ಸುತ್ತು ಜಾಸ್ತಿಯೇ ಕಿರುಗುಟ್ಟಿತು.

ಬರೆದಿದ್ದ ಹಾಳೆ ಹರಿದೆ. ಹೊಸದರಲ್ಲಿ ಬರೆದೆ:
ಪಂಜರ ಒಂದು. ಕಬ್ಬಿಣದ್ದು. ಹಳೆಯದು.
ಮೌಲ್ಯ ಸುಮಾರು ರೂಪಾಯಿ ಇನ್ನೂರೈವತ್ತು.
ಒಳಗೇನಿತ್ತೆಂದು ಯಾವ ಕಾಲಮ್ಮೂ ಕೇಳುವುದಿಲ್ಲ.

ಹೆಬ್ಬೆಟ್ಟು ಒತ್ತಿಸಿದೆ. ಶಾಯಿ ಹತ್ತಿತು, ಗೆರೆ ಮೂಡಲಿಲ್ಲ.
ಇಪ್ಪತ್ತು ವರ್ಷದ ಬಿಸಿನೀರು ತಿಂದುಹಾಕಿತ್ತು.
ಕಾಗದದ ಮೇಲೆ ಬರೀ ನೇರಳೆ ಕಲೆ, ಮೊಟ್ಟೆಯಷ್ಟು.

ಬಾಗಿಲತನಕ ಹೋದವಳು ತಿರುಗಿ ನಿಂತಳು:
"ಪಂಜರ ಸಿಕ್ಕಿ ಅವನು ಸಿಗದಿದ್ರೆ
ಕೇಸು ಮುಗೀತು ಅಂತೀರಾ ಸಾರ್?"

ಕಾರ್ಬನ್ ಹಾಳೆ ಸರಿಪಡಿಸಿದೆ.